ಕಾಗದದಿಂದ ಕಾಡಿಗೆ: ಬಂಡೀಪುರ ಹುಲಿ ಯೋಜನೆ ನಡೆದ ದಾರಿ

ಹೆಡತಲೆ, ಹೆಡಿಯಾಲ ಎರಡೂ ನಂಜನಗೂಡು ತಾಲ್ಲೂಕಿನ ಊರುಗಳು. ಹೆಸರಿನ ಹೋಲಿಕೆಯಿಂದ ಹೊರಗಿನವರು ಒಂದನ್ನು ಇನ್ನೊಂದೆಂದು ತಿಳಿದರೆ ಆಶ್ಚರ್ಯವಿಲ್ಲ. ಹೆಡತಲೆಗೆ ಹೆಸರು ತಂದಿರುವುದು ಹೊಯ್ಸಳರ ಕಾಲದ ಲಕ್ಷ್ಮೀಕಾಂತ ದೇವಾಲಯ. ಹೆಡಿಯಾಲಕ್ಕೆ ಹೆಸರು ಬಂದಿರುವುದು ಕಾಡಿನಿಂದ. ಬಂಡೀಪುರ ಹುಲಿ ಸಂರಕ್ಷಿತ ಪ್ರದೇಶದ ಒಂದು ವಲಯ ಆ ಊರಿನ ಹೆಸರನ್ನೇ ಹೊತ್ತಿದೆ. ಹೆಡತಲೆಯ ಬಯಲಿನಲ್ಲಿ ನಿಂತವರಿಗೆ ಹುಲಿ ಯೋಜನೆ ಪತ್ರಿಕೆಯಲ್ಲಿ ಓದುವ ಸುದ್ದಿ. ಹೆಡಿಯಾಲದ ರೈತನಿಗೆ ಅದು ಹೊಲದ ಬದುವಿನ ಆಚೆಗಿನ ವಿಷಯ. ತಾಲ್ಲೂಕು ಕಚೇರಿ ಮಾತ್ರ ಇಬ್ಬರಿಗೂ ಒಂದೇ.

ಇದನ್ನು ಮೊದಲೇ ಹೇಳಲು ಕಾರಣವಿದೆ. ವನ್ಯಜೀವಿ ರಕ್ಷಣೆಯ ಯೋಜನೆಗಳು ದೆಹಲಿಯಲ್ಲೋ ಬೆಂಗಳೂರಿನಲ್ಲೋ ಸಿದ್ಧವಾಗುತ್ತವೆ. ನಕ್ಷೆಯಲ್ಲಿ ಕಾಡಿಗೆ ಒಂದು ಗೆರೆ ಬೀಳುತ್ತದೆ. ಆ ಗೆರೆಯೊಳಗೆ ಏನಾಗಬೇಕೆಂಬುದನ್ನು ನೂರಾರು ಪುಟಗಳಲ್ಲಿ ಬರೆದಿಡುತ್ತಾರೆ. ಬರೆದುದರಲ್ಲಿ ಯಾವುದು ನಡೆಯಿತು, ಯಾವುದು ನಡೆಯಲಿಲ್ಲ, ಏಕೆ ಎಂದು ನೋಡಲು ಬಂಡೀಪುರಕ್ಕಿಂತ ಒಳ್ಳೆಯ ಉದಾಹರಣೆ ನಮ್ಮ ನಾಡಿನಲ್ಲಿ ಸಿಗಲಾರದು.

ಮರ ಕಡಿಯುವ ಯೋಜನೆ

ಮೈಸೂರು ಸಂಸ್ಥಾನದ ಅರಣ್ಯ ಇಲಾಖೆ ಹುಟ್ಟಿದ್ದು 1864ರಲ್ಲಿ. ಅಂದಿನ ಅರಣ್ಯಾಧಿಕಾರಿಗಳೂ ಯೋಜನೆ ಬರೆಯುವುದರಲ್ಲಿ ಹಿಂದೆ ಬಿದ್ದವರಲ್ಲ. ಅದಕ್ಕೆ ‘ವರ್ಕಿಂಗ್ ಪ್ಲಾನ್’ ಎಂದು ಹೆಸರು. ಯಾವ ಭಾಗದಲ್ಲಿ ಯಾವ ವರ್ಷ ಎಷ್ಟು ಮರ ಕಡಿಯಬೇಕು, ಎಲ್ಲಿ ತೇಗ ನೆಡಬೇಕು ಎಂಬುದರ ಲೆಕ್ಕ ಅದರಲ್ಲಿರುತ್ತಿತ್ತು. ಕಾಡೆಂದರೆ ಬೊಕ್ಕಸಕ್ಕೆ ಆದಾಯ ತರುವ ಆಸ್ತಿ. ಪ್ರಾಣಿಗಳ ವಿಷಯ ಬಂದರೆ ಅದು ಅರಮನೆಯ ಬೇಟೆಗೋ ಖೆಡ್ಡಾಕ್ಕೋ ಸಂಬಂಧಿಸಿದ ಮಾತಾಗಿತ್ತು. ಕಬಿನಿ ದಂಡೆಯ ಕಾಕನಕೋಟೆಯಲ್ಲಿ ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಅಂದರೆ ಹುಲಿ ಯೋಜನೆ ಬರುವುದಕ್ಕೆ ಎರಡೇ ವರ್ಷ ಮೊದಲು.

1931ರಲ್ಲಿ ಮಹಾರಾಜರ ಸರ್ಕಾರ ಬಂಡೀಪುರದಲ್ಲಿ ಸುಮಾರು 90 ಚದರ ಕಿ.ಮೀ. ಕಾಡನ್ನು ಅಭಯಾರಣ್ಯವೆಂದು ಸಾರಿತು. 1941ರಲ್ಲಿ ಅದನ್ನು ಸುಮಾರು 800 ಚದರ ಕಿ.ಮೀ.ಗೆ ಹಿಗ್ಗಿಸಿ, ಹಿಮವದ್ ಗೋಪಾಲಸ್ವಾಮಿ ಬೆಟ್ಟದ ದೇವರ ಹೆಸರಿನಲ್ಲಿ ‘ವೇಣುಗೋಪಾಲ ವನ್ಯಜೀವಿ ಉದ್ಯಾನ’ ಎಂದು ಕರೆಯಲಾಯಿತು. ಹೆಸರು ದೇವರದಾದರೂ ಕಾಡಿನೊಳಗೆ ಮರ ಕಡಿಯುವುದೂ ದನ ಮೇಯುವುದೂ ನಿಲ್ಲಲಿಲ್ಲ. ಒಂದೇ ಇಲಾಖೆ ಒಂದು ಕೈಯಲ್ಲಿ ಕೊಡಲಿ, ಇನ್ನೊಂದು ಕೈಯಲ್ಲಿ ಕಾವಲಿನ ಕೋಲು ಹಿಡಿದು ನಿಂತಿತ್ತು.

1973: ನಿಲ್ಲಿಸುವ ಕೆಲಸ

1972ರ ಗಣತಿಯಲ್ಲಿ ಇಡೀ ದೇಶದಲ್ಲಿ ಸಿಕ್ಕ ಹುಲಿಗಳ ಲೆಕ್ಕ 1,827. ಅದೇ ವರ್ಷ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಭಾರತೀಯ ವನ್ಯಜೀವಿ ಮಂಡಳಿಯ ಕಾರ್ಯಪಡೆಯೊಂದು ಹುಲಿ ಉಳಿಸುವ ಯೋಜನೆ ಬರೆದುಕೊಟ್ಟಿತು. 1973ರ ಏಪ್ರಿಲ್ 1ರಂದು ಹುಲಿ ಯೋಜನೆ ಆರಂಭವಾದಾಗ ಆರಿಸಿದ ಒಂಬತ್ತು ಕಾಡುಗಳಲ್ಲಿ ದಕ್ಷಿಣ ಭಾರತದಿಂದ ಸೇರಿದ್ದು ಬಂಡೀಪುರ ಒಂದೇ. ಆಗ ಬಂಡೀಪುರದಲ್ಲಿ ಇದ್ದವೆಂದು ಹೇಳಲಾದ ಹುಲಿಗಳು ಹನ್ನೆರಡು.

ಯೋಜನೆಯ ತಿರುಳು ಸರಳವಾಗಿತ್ತು. ನಡುಗಾಡಿನಲ್ಲಿ ಮನುಷ್ಯನ ಕೈ ಆಡಬಾರದು. ಮರ ಕಡಿಯುವುದು ನಿಲ್ಲಬೇಕು, ಬೇಟೆ ನಿಲ್ಲಬೇಕು, ದನ ಮೇಯುವುದು ನಿಲ್ಲಬೇಕು. ಕೆರೆ ತೋಡಿ, ಬೆಂಕಿ ರೇಖೆ ಕಡಿದು, ಗಸ್ತು ತಿರುಗಿ ಕಾಡನ್ನು ಅದರ ಪಾಡಿಗೆ ಬಿಟ್ಟರೆ ಜಿಂಕೆ, ಕಡವೆ, ಕಾಟಿ ಹೆಚ್ಚುತ್ತವೆ. ಅವು ಹೆಚ್ಚಿದರೆ ಹುಲಿಯೂ ಹೆಚ್ಚುತ್ತದೆ. ಮೊದಲ ನಿರ್ದೇಶಕ ಕೈಲಾಸ ಸಾಂಖಲಾ ಅವರು ಈ ನಂಬಿಕೆಯ ಬಲವಾದ ವಕ್ತಾರರು. ಪ್ರಧಾನಿ ಇಂದಿರಾ ಗಾಂಧಿಯವರೇ ಯೋಜನೆಯ ಬೆನ್ನಿಗಿದ್ದುದರಿಂದ ರಾಜ್ಯಗಳು ಎದುರಾಡುವ ಸ್ಥಿತಿಯಲ್ಲಿರಲಿಲ್ಲ. ಆರಂಭದ ವರ್ಷಗಳಲ್ಲಿ ಖರ್ಚನ್ನು ಹೊತ್ತದ್ದೂ ಕೇಂದ್ರವೇ.

ಫಲವೂ ಕಂಡಿತು. ಇಲಾಖೆ ತನ್ನ ಆದೇಶದಿಂದಲೇ ನಿಲ್ಲಿಸಬಹುದಾದವು ಬಹುಮಟ್ಟಿಗೆ ನಿಂತವು. ಗರಗಸದ ಸದ್ದು ಅಡಗಿತು. ಪರವಾನಗಿ ಬೇಟೆ ಮುಗಿಯಿತು. ಕಾಡಿನೊಳಗಿದ್ದ ಜೇನುಕುರುಬರ ಹಾಡಿಗಳನ್ನು ಅಂಚಿಗೆ ತಂದು ಕೂರಿಸಲಾಯಿತು. ಈ ಕೊನೆಯ ಕೆಲಸ ಕಾಗದದಲ್ಲಿ ಯಶಸ್ಸು ಎಂದೇ ದಾಖಲಾಗಿರಬೇಕು. ಕಾಡನ್ನು ಅಂಗೈಯಂತೆ ಬಲ್ಲವರು ಕಾಡಿನ ಹೊರಗೆ ಕೂಲಿಯಾಳುಗಳಾದರೆಂಬುದು ಯಾವ ಕಾಲಂನಲ್ಲೂ ಬರೆಯುವಂತಹದ್ದಲ್ಲ. ಮುಂದೆ ಅದೇ ಇಲಾಖೆ ಗಸ್ತಿಗೂ ಕಳ್ಳಬೇಟೆ ತಡೆ ಶಿಬಿರಗಳಿಗೂ ಆಳುಗಳನ್ನು ಹುಡುಕುತ್ತಾ ಅವರ ಬಾಗಿಲಿಗೇ ಹೋಗಬೇಕಾಯಿತು. ಇಂದು ಕಾಡಿನ ಕಾವಲಿನ ಭಾರವನ್ನು ಬಹಳಮಟ್ಟಿಗೆ ಹೊತ್ತಿರುವವರು ಜೇನುಕುರುಬ, ಬೆಟ್ಟಕುರುಬ, ಸೋಲಿಗ ಯುವಕರೇ.

ಇಲಾಖೆಯ ಆದೇಶ ತಲುಪದ ಕಡೆ ಕತೆ ಬೇರೆಯಾಯಿತು. ಹುಲಿ ಯೋಜನೆ ಶುರುವಾದ ಮರುವರ್ಷವೇ, 1974ರಲ್ಲಿ, ಕಬಿನಿ ಅಣೆಕಟ್ಟು ಮುಗಿಯಿತು. ಬಂಡೀಪುರಕ್ಕೂ ನಾಗರಹೊಳೆಗೂ ನಡುವಿನ ನದಿ ಕಣಿವೆ ಹಿನ್ನೀರಿನಡಿ ಹೋಯಿತು. ಖೆಡ್ಡಾ ನಡೆಯುತ್ತಿದ್ದ ಕಾಕನಕೋಟೆಯ ನೆಲವೂ ಮುಳುಗಿತು. ನೀರಾವರಿ ಇಲಾಖೆಯ ಯೋಜನೆಯೂ ಸರ್ಕಾರದ್ದೇ, ಹುಲಿಯ ಯೋಜನೆಯೂ ಸರ್ಕಾರದ್ದೇ. ಇದೇ ಅಣೆಕಟ್ಟಿನ ನಾಲೆ ನಂಜನಗೂಡು, ತಿರುಮಕೂಡಲು ನರಸೀಪುರದ ಬಯಲಿಗೆ ನೀರು ತಂದು ಭತ್ತ, ಕಬ್ಬು ಬೆಳೆಸಿತು. ಆ ಕಬ್ಬು ಐವತ್ತು ವರ್ಷ ಕಳೆದ ಮೇಲೆ ವನ್ಯಜೀವಿಗಳ ಚರ್ಚೆಗೆ ಬರುತ್ತದೆಂದು ಆಗ ಯಾರೂ ಎಣಿಸಿರಲಿಲ್ಲ.

ಬ್ರೆಜಿಲ್ಲಿನ ಮಂಜು, ಹಂಗಳದ ಸಗಣಿ

ದನ ಮೇಯುವುದನ್ನು ತಡೆಯಬೇಕೆಂಬ ಮಾತು ಯೋಜನೆಯಲ್ಲಿ ಮೊದಲಿನಿಂದಲೂ ಇದೆ. ಅಧಿಕಾರಿಗಳು ಬಂದರು, ಹೋದರು. ದನಗಳು ಮಾತ್ರ ಬೆಳಿಗ್ಗೆ ಕಾಡಿಗೆ, ಸಂಜೆ ಕೊಟ್ಟಿಗೆಗೆ ನಡೆಯುತ್ತಲೇ ಇದ್ದವು. ಹಳ್ಳಿಗರಿಗೆ ತಿಳಿವಳಿಕೆ ಇಲ್ಲ, ಸಿಬ್ಬಂದಿಗೆ ಶಿಸ್ತು ಇಲ್ಲ ಎಂಬುದು ಇದಕ್ಕೆ ಸಾಮಾನ್ಯವಾಗಿ ಕೊಡುವ ಕಾರಣ. ನಿಜವಾದ ಕಾರಣ ಎಷ್ಟು ದೂರದಲ್ಲಿರಬಹುದೆಂಬುದನ್ನು ಮೈಸೂರಿನ ವನ್ಯಜೀವಿ ವಿಜ್ಞಾನಿ ಎಂ. ಡಿ. ಮಧುಸೂದನ್ ಅವರು 2005ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ತೋರಿಸಿತು.

ಅವರು ನೋಡಿದ್ದು ಗುಂಡ್ಲುಪೇಟೆ ತಾಲ್ಲೂಕಿನ ಹಂಗಳವನ್ನು. ಬಂಡೀಪುರದ ಅಂಚಿನ ಊರು. ಅಲ್ಲಿನ ರೈತ ದನ ಸಾಕುತ್ತಿದ್ದುದು ಉಳುಮೆಗೆ, ಮನೆಯ ಹಾಲಿಗೆ, ಹೊಲದ ಗೊಬ್ಬರಕ್ಕೆ. 1994ರಲ್ಲಿ ಬ್ರೆಜಿಲ್ ದೇಶದ ಕಾಫಿ ತೋಟಗಳ ಮೇಲೆ ಕೊರೆವ ಮಂಜು ಬಿದ್ದು ಬೆಳೆ ಸುಟ್ಟುಹೋಯಿತು. ಜಗತ್ತಿನ ಮಾರುಕಟ್ಟೆಯಲ್ಲಿ ಕಾಫಿ ಬೆಲೆ ಏರಿತು. ನಮ್ಮ ಕಾಫಿ ಸೀಮೆಯ ಬೆಳೆಗಾರರ ಕೈಯಲ್ಲಿ ಹಣ ಓಡಾಡಿತು. ತೋಟಕ್ಕೆ ಒಳ್ಳೆಯ ಕೊಟ್ಟಿಗೆ ಗೊಬ್ಬರ ಬೇಕೆಂದು ಅವರು ಬಯಲುಸೀಮೆಯ ಕಡೆ ತಿರುಗಿದರು. ಹಂಗಳದ ತಿಪ್ಪೆಗೆ ಬೆಲೆ ಬಂತು. ಮೊದಲು ಸ್ವಂತ ಹೊಲಕ್ಕೆ ಹೋಗುತ್ತಿದ್ದ ಗೊಬ್ಬರ ಲಾರಿ ಹತ್ತಿತು. ಸಗಣಿಗೆಂದೇ ದನ ಸಾಕುವುದು ಲಾಭದ ಮಾತಾಯಿತು. ಹಾಲು ಕೊಡದ ಬಡಕಲು ದನವೂ ಸಗಣಿ ಹಾಕುತ್ತದಲ್ಲ! ಅದಕ್ಕೆ ಮೇವು ಮಾತ್ರ ಬಿಟ್ಟಿಯಾಗಿ ಸಿಗಬೇಕು. ಬಿಟ್ಟಿ ಮೇವು ಇದ್ದದ್ದು ಹುಲಿಯ ಕಾಡಿನಲ್ಲಿ.

ಇಲ್ಲಿ ಅರಣ್ಯ ರಕ್ಷಕನ ಪಾಡನ್ನು ನೆನೆಯಬೇಕು. ಅವನ ಕೈಯಲ್ಲಿರುವುದು ಒಂದು ಲಾಠಿ, ಒಂದು ನೋಟುಪುಸ್ತಕ. ಅವನು ತಡೆಯಬೇಕಾದದ್ದು ಬ್ರೆಜಿಲ್ಲಿನಿಂದ ಹೊರಟು ಕಾಫಿ ಸೀಮೆ ಸುತ್ತಿಕೊಂಡು ಹಂಗಳದ ಕೊಟ್ಟಿಗೆಗೆ ಬಂದ ಒಂದು ವ್ಯಾಪಾರವನ್ನು. ಕೃಷಿ, ಪಶುಪಾಲನೆ, ಕಾಫಿ ಮಂಡಳಿ ಇವುಗಳ ಯಾವ ಯೋಜನೆಯಲ್ಲೂ ಬಂಡೀಪುರದ ಹುಲ್ಲಿನ ಲೆಕ್ಕವಿರಲಿಲ್ಲ. ಬಂಡೀಪುರದ ಯೋಜನೆಯಲ್ಲೂ ಕಾಫಿಯ ಬೆಲೆ ಇರಲಿಲ್ಲ.

ಸೌದೆಯ ವಿಷಯದಲ್ಲಿ ಸ್ವಲ್ಪ ಭಿನ್ನವಾದ ಪ್ರಯತ್ನವೊಂದು ನಡೆಯಿತು. ಬಂಡೀಪುರದಲ್ಲಿ ಕೆಲಸ ಮಾಡುತ್ತಿದ್ದ ವನ್ಯಜೀವಿ ಛಾಯಾಗ್ರಾಹಕರಾದ ಕೃಪಾಕರ–ಸೇನಾನಿ ಅವರನ್ನು 1997ರಲ್ಲಿ ವೀರಪ್ಪನ್ ಅಪಹರಿಸಿ ಎರಡು ವಾರ ಕಾಡಿನಲ್ಲಿಟ್ಟುಕೊಂಡಿದ್ದು ಓದುಗರಿಗೆ ನೆನಪಿರಬಹುದು. ಮುಂದೆ ಇವರೇ ಗೆಳೆಯರೊಡನೆ ‘ನಮ್ಮ ಸಂಘ’ ಕಟ್ಟಿ ಕಾಡಂಚಿನ ಹಳ್ಳಿಗಳ ಮನೆಗಳಿಗೆ ಅಡುಗೆ ಅನಿಲದ ಸಂಪರ್ಕ ಕೊಡಿಸುವ ಕೆಲಸಕ್ಕೆ ಇಳಿದರು. ಸೌದೆ ಹೊರಬೇಡಿರೆಂದು ಹೇಳುವುದಕ್ಕಿಂತ ಒಲೆ ಬದಲಾಯಿಸುವುದು ಕಾಡಿಗೆ ಹೆಚ್ಚು ನೆರವಾಯಿತು. ಆ ಕೆಲಸಕ್ಕೆ ಬೇಕಾದ ಗ್ಯಾಸ್ ಏಜೆನ್ಸಿಯ ಓಡಾಟ ಅರಣ್ಯ ಇಲಾಖೆಯ ಸುತ್ತೋಲೆಯಿಂದ ಆಗುವಂತಹದ್ದಲ್ಲ.

ಸರಿಸ್ಕಾದ ಪಾಠ, ಖಜಾನೆಯ ಪಂಚಾಂಗ

2005ರಲ್ಲಿ ರಾಜಸ್ಥಾನದ ಸರಿಸ್ಕಾದಿಂದ ಬಂದ ಸುದ್ದಿ ದೇಶವನ್ನು ಬೆಚ್ಚಿಬೀಳಿಸಿತು. ಹೆಜ್ಜೆಗುರುತು ಎಣಿಸಿ ಬರೆದ ದಫ್ತರದಲ್ಲಿ ಹುಲಿಗಳಿದ್ದವು. ಕಾಡಿನಲ್ಲಿ ಒಂದೂ ಇರಲಿಲ್ಲ. ಯೋಜನೆ ಚೆನ್ನಾಗಿ ನಡೆಯುತ್ತಿದೆಯೆಂದು ಮೇಲಿನವರಿಗೆ ಹೇಳುವ ಕೆಲಸ, ಅದನ್ನು ನಡೆಸಬೇಕಾದವರ ಕೈಯಲ್ಲೇ ಇದ್ದರೆ ಹೀಗಾಗುತ್ತದೆ. ಸುನೀತಾ ನಾರಾಯಣ್ ಅವರ ಅಧ್ಯಕ್ಷತೆಯ ಕಾರ್ಯಪಡೆ ವರದಿ ಕೊಟ್ಟಿತು. 2006ರಲ್ಲಿ ಕಾಯ್ದೆಗೆ ತಿದ್ದುಪಡಿಯಾಗಿ ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರ ಬಂತು. ಪ್ರತಿ ಹುಲಿ ಕಾಡಿಗೂ ಒಂದು ‘ಹುಲಿ ಸಂರಕ್ಷಣಾ ಯೋಜನೆ’ ಇರಬೇಕೆಂದು ಕಾನೂನೇ ವಿಧಿಸಿತು. ಎಣಿಕೆಗೆ ಹೆಜ್ಜೆಗುರುತಿನ ಬದಲು ಕ್ಯಾಮೆರಾ ಬಂದಿತು. 2007ರಲ್ಲಿ ಬಂಡೀಪುರದ ಸುಮಾರು 872 ಚದರ ಕಿ.ಮೀ. ನಡುಗಾಡೆಂದು ಅಧಿಸೂಚಿತವಾಯಿತು. 2022ರ ಎಣಿಕೆಯಂತೆ ಈ ಸಂರಕ್ಷಿತ ಪ್ರದೇಶದೊಳಗಿನ ಹುಲಿಗಳು 150. ಎಣಿಸುವ ವಿಧಾನ ಬೇರೆಯಾದ್ದರಿಂದ ಹನ್ನೆರಡರ ಪಕ್ಕದಲ್ಲಿ ಈ ಸಂಖ್ಯೆಯನ್ನಿಟ್ಟು ತೂಗುವುದು ಸರಿಯಲ್ಲ. ಆದರೂ ಹುಲಿ ಹೆಚ್ಚಿರುವುದರಲ್ಲಿ ಅನುಮಾನವಿಲ್ಲ.

ಹಾಗಾದರೆ ತೊಡಕು ಎಲ್ಲಿ? ಒಂದು ತೊಡಕು ಪಂಚಾಂಗದ್ದು. ಸರ್ಕಾರದ ವರ್ಷ ಏಪ್ರಿಲ್‌ನಿಂದ ಮಾರ್ಚ್‌ವರೆಗೆ. ಕಾಡಿನ ವರ್ಷ ಮಳೆಯಿಂದ ಬೆಂಕಿಯವರೆಗೆ. ಎಲೆ ಉದುರಿ ಹುಲ್ಲು ಒಣಗುವ ಮೊದಲೇ, ಡಿಸೆಂಬರ್–ಜನವರಿಯ ಹೊತ್ತಿಗೆ ಬೆಂಕಿ ರೇಖೆಗಳನ್ನು ಕಡಿದು ಸುಟ್ಟು ಸಿದ್ಧಮಾಡಬೇಕು. ಬೆಂಕಿ ಕಾವಲುಗಾರರನ್ನು ನೇಮಿಸಿಕೊಳ್ಳಬೇಕು. ಇದಕ್ಕೆ ಬೇಕಾದ ಹಣ ವಾರ್ಷಿಕ ಕಾರ್ಯಯೋಜನೆಯಾಗಿ ಪ್ರಾಧಿಕಾರಕ್ಕೆ ಹೋಗಿ, ಮಂಜೂರಾಗಿ, ಕೇಂದ್ರದಿಂದ ರಾಜ್ಯದ ಖಜಾನೆಗೆ ಬಂದು, ರಾಜ್ಯ ತನ್ನ ಪಾಲು ಸೇರಿಸಿ, ಕಂತುಕಂತಾಗಿ ಇಳಿಯಬೇಕು. ಹುಲಿ ಯೋಜನೆಯನ್ನು ಪರಿಶೀಲಿಸಿದ ಮಹಾಲೇಖಪಾಲರ 2006ರ ವರದಿ, ಹಣ ತಡವಾಗಿ ತಲುಪುವುದನ್ನೂ ಕೆಳಹಂತದ ಹುದ್ದೆಗಳು ಖಾಲಿ ಬಿದ್ದಿರುವುದನ್ನೂ ಎತ್ತಿ ತೋರಿತ್ತು. ರೇಖೆ ಕಡಿಯುವ ದುಡ್ಡು ಬೆಂಕಿ ಬಿದ್ದ ಮೇಲೆ ಬಂದರೆ ಲೆಕ್ಕಪತ್ರದಲ್ಲಿ ಅದು ಖರ್ಚಾಗಿಯೇ ಇರುತ್ತದೆ.

ಇಂದು ಕಾಡಿನ ನೆಲವನ್ನು ಲಂಟಾನ ಹೆಣೆದುಕೊಂಡಿದೆ. ಹಿಂದೆ ನೆಲದ ಹುಲ್ಲಿನಲ್ಲಿ ಹರಿದುಹೋಗುತ್ತಿದ್ದ ಬೆಂಕಿ ಈಗ ಪೊದೆ ಹಿಡಿದು ಮರವೇರುತ್ತದೆ. 2017ರ ಫೆಬ್ರುವರಿಯಲ್ಲಿ ಬಂಡೀಪುರದ ಕಲ್ಕೆರೆ ವಲಯದಲ್ಲಿ ಬೆಂಕಿ ಆರಿಸಲು ಹೋದ ಅರಣ್ಯ ರಕ್ಷಕರೊಬ್ಬರು ಅದೇ ಬೆಂಕಿಗೆ ಬಲಿಯಾದರು. 2019ರ ಫೆಬ್ರುವರಿಯಲ್ಲಿ ಸಾವಿರಾರು ಎಕರೆ ಉರಿದಾಗ ವಾಯುಪಡೆಯ ಹೆಲಿಕಾಪ್ಟರುಗಳು ನೀರು ಸುರಿಯಬೇಕಾಯಿತು. ಹೆಲಿಕಾಪ್ಟರಿನ ಚಿತ್ರ ಎಲ್ಲ ಪತ್ರಿಕೆಗಳಲ್ಲೂ ಬಂತು. ಸೊಪ್ಪಿನ ಕೊಂಬೆ ಹಿಡಿದು ಬೆಂಕಿ ಬಡಿದವರ ಚಿತ್ರ ಅಷ್ಟಾಗಿ ಬರಲಿಲ್ಲ.

ಹಣವಿದ್ದರೂ ಅದು ಕೊನೆಯ ಮನುಷ್ಯನಿಗೆ ತಲುಪದಿದ್ದರೆ ಏನಾಗಬಹುದೆಂಬುದಕ್ಕೆ ಮಲೆ ಮಹದೇಶ್ವರ ಬೆಟ್ಟದ ಘಟನೆ ಸಾಕ್ಷಿ. 2025ರ ಜೂನ್‌ನಲ್ಲಿ ಅಲ್ಲಿನ ಹೂಗ್ಯಂ ವಲಯದಲ್ಲಿ ಒಂದು ತಾಯಿ ಹುಲಿ ಮತ್ತು ನಾಲ್ಕು ಮರಿಗಳು ವಿಷವಿಕ್ಕಿದ ಹಸುವಿನ ಕಳೇಬರ ತಿಂದು ಸತ್ತವು. ಆ ವನ್ಯಧಾಮದ ಹೊರಗುತ್ತಿಗೆ ಕಾವಲುಗಾರರಿಗೆ ತಿಂಗಳುಗಟ್ಟಲೆ ಸಂಬಳವಾಗಿರಲಿಲ್ಲವೆಂಬುದು ಅದೇ ದಿನಗಳಲ್ಲಿ ಹೊರಬಿತ್ತು. ಸಂಬಳ ಕೊಟ್ಟಿದ್ದರೆ ವಿಷ ಹಾಕುತ್ತಿರಲಿಲ್ಲವೆಂದು ಹೇಳಲಾಗದು. ಆದರೆ ಮನೆಯಲ್ಲಿ ಅಕ್ಕಿಯಿಲ್ಲದ ಕಾವಲುಗಾರ ಯಾವ ಉತ್ಸಾಹದಿಂದ ಹತ್ತಾರು ಮೈಲಿ ಗಸ್ತು ತಿರುಗಬೇಕು?

ರಾತ್ರಿಯ ರಸ್ತೆ

ಮೈಸೂರಿನಿಂದ ನಂಜನಗೂಡು, ಗುಂಡ್ಲುಪೇಟೆಯ ಮೂಲಕ ಕೇರಳದ ವಯನಾಡಿಗೆ ಹೋಗುವ ಹೆದ್ದಾರಿ ಬಂಡೀಪುರವನ್ನು ಸೀಳಿಕೊಂಡು ಸಾಗುತ್ತದೆ. ಊಟಿಯ ರಸ್ತೆಯದೂ ಅದೇ ಪಾಡು. ರಾತ್ರಿ ವಾಹನಗಳಿಗೆ ಸಿಕ್ಕಿ ಜಿಂಕೆ, ಚಿರತೆ, ಆನೆಮರಿಗಳು ಸಾಯುತ್ತಿದ್ದವು. ರಸ್ತೆ ಕಾಡಿನೊಳಗಿದ್ದರೂ ಅದನ್ನು ಮುಚ್ಚುವ ಅಧಿಕಾರ ಅರಣ್ಯ ಇಲಾಖೆಗೆ ಇರಲಿಲ್ಲ. ಮೋಟಾರು ವಾಹನ ಕಾಯ್ದೆಯಡಿ ಅದು ಜಿಲ್ಲಾಧಿಕಾರಿಗೆ ಸೇರಿದ್ದು. 2009ರ ಜೂನ್‌ನಲ್ಲಿ ಚಾಮರಾಜನಗರದ ಜಿಲ್ಲಾಧಿಕಾರಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧಿಸಿದರು. ಕೆಲವೇ ದಿನಗಳಲ್ಲಿ ಆದೇಶ ವಾಪಸಾಯಿತು. ವಿಷಯ ಹೈಕೋರ್ಟಿಗೆ ಹೋಗಿ, 2010ರಲ್ಲಿ ನ್ಯಾಯಾಲಯ ನಿಷೇಧವನ್ನು ಎತ್ತಿಹಿಡಿಯಿತು. ಕೇರಳದವರು ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದರು. ಕಾಡಿನ ರಾತ್ರಿಗೆ ಒಂದಿಷ್ಟು ಮೌನ ಸಿಕ್ಕಿದ್ದು ಯೋಜನೆಯ ಪುಟಗಳಿಂದಲ್ಲ, ಒಬ್ಬ ಜಿಲ್ಲಾಧಿಕಾರಿಯ ಸಹಿ ಮತ್ತು ನ್ಯಾಯಾಲಯದ ತೀರ್ಪಿನಿಂದ. ನಂಜನಗೂಡು–ನಿಲಂಬೂರು ರೈಲು ಮಾರ್ಗದ ಪ್ರಸ್ತಾಪವೂ ಆಗಾಗ ತಲೆಯೆತ್ತುತ್ತಲೇ ಇದೆ.

ಗೆರೆಯ ಆಚೆ

ಬಂಡೀಪುರದ ಉತ್ತರದಂಚಿನ ಬಹುಭಾಗದಲ್ಲಿ ಕಾಡು ಮುಗಿದಲ್ಲಿಯೇ ಹೊಲ ಶುರು. ನಡುವೆ ಹಗುರವಾಗಿ ಇಳಿದುಹೋಗುವ ಕುರುಚಲಿಲ್ಲ. ಆನೆ ಕಂದಕ ತೋಡಿದರು, ಸೋಲಾರ್ ಬೇಲಿ ಹಾಕಿದರು, ಈಚೆಗೆ ಹಳೆಯ ರೈಲು ಕಂಬಿಗಳ ತಡೆಗೋಡೆ ನಿಲ್ಲಿಸಿದರು. ಕಂದಕಕ್ಕೆ ಮಳೆ ಮಣ್ಣು ತುಂಬುತ್ತದೆ. ಬೇಲಿಗೆ ಬಳ್ಳಿ ಹಬ್ಬುತ್ತದೆ. ಕಟ್ಟುವುದಕ್ಕೆ ಅನುದಾನ ಸಿಗುವಷ್ಟು ಸುಲಭವಾಗಿ ಕಾಪಾಡುವುದಕ್ಕೆ ಸಿಗುವುದಿಲ್ಲ. ಕಟ್ಟಿದ್ದನ್ನು ಉದ್ಘಾಟಿಸಬಹುದು, ಬಳ್ಳಿ ಕಿತ್ತಿದ್ದನ್ನು ಉದ್ಘಾಟಿಸಲಾಗದು.

2013ರ ಕೊನೆಯಲ್ಲಿ ಹೆಡಿಯಾಲದ ಸುತ್ತಮುತ್ತ ಕೆಲವೇ ದಿನಗಳ ಅಂತರದಲ್ಲಿ ಜನ ಹುಲಿಗೆ ಬಲಿಯಾದರು. ಸಿಟ್ಟು ಅರಣ್ಯ ಇಲಾಖೆಯ ಮೇಲೆ ತಿರುಗಿತು. ಹುಲಿ ಸಿಕ್ಕಿದ್ದು ಡಿಸೆಂಬರ್‌ನಲ್ಲಿ. ಹತ್ತು ವರ್ಷ ಕಳೆದು 2023ರ ನವೆಂಬರ್‌ನಲ್ಲಿ ಅದೇ ವಲಯದ ಬಳ್ಳೂರುಹುಂಡಿಯ ಬಳಿ ದನ ಮೇಯಿಸುತ್ತಿದ್ದ ಹೆಣ್ಣುಮಗಳೊಬ್ಬರು ಹುಲಿಗೆ ಸಿಕ್ಕಿ ಸತ್ತರು. ಮತ್ತೆ ಸಾಕಾನೆಗಳು, ಬೋನು, ಅರಿವಳಿಕೆಯ ಕೋವಿ. 2025ರಲ್ಲಿ ನೆರೆಯ ಸರಗೂರು ತಾಲ್ಲೂಕಿನಲ್ಲಿ ಸಾವುಗಳು ಸಂಭವಿಸಿದ ಮೇಲೆ ನವೆಂಬರ್‌ನಲ್ಲಿ ಬಂಡೀಪುರ, ನಾಗರಹೊಳೆಗಳ ಸಫಾರಿ ನಿಲ್ಲಿಸಿ, ಆ ಸಿಬ್ಬಂದಿಯನ್ನು ಹುಲಿ ಹುಡುಕುವ ಕೆಲಸಕ್ಕೆ ಹಾಕುವಂತೆ ಸರ್ಕಾರ ಆದೇಶಿಸಿತು. ಸಫಾರಿಯಿಂದಲೇ ಹುಲಿ ಹೊರಬರುತ್ತಿದೆಯೆಂಬುದು ರೈತರ ದೂರು. ಇತ್ತ 2006ರ ತಿದ್ದುಪಡಿಯ ನಂತರ ಪ್ರವಾಸಿಗರ ಶುಲ್ಕವೇ ಹುಲಿ ಪ್ರತಿಷ್ಠಾನದ ಕೈಹಣ. ಖಜಾನೆಯ ಕಂತಿಗೆ ಕಾಯದೆ ತುರ್ತು ಕೆಲಸಕ್ಕೆ ಸಿಗುವ ದುಡ್ಡು ಅದು. ಒಂದನ್ನು ನಿಲ್ಲಿಸಿದರೆ ಇನ್ನೊಂದು ಸೊರಗುತ್ತದೆ.

ಇನ್ನು ಹೆಡತಲೆಯ ಕಡೆಯ ಬಯಲಿಗೆ ಬರೋಣ. ತಿರುಮಕೂಡಲು ನರಸೀಪುರ ತಾಲ್ಲೂಕು ಹುಲಿ ಯೋಜನೆಯ ನಕ್ಷೆಯಲ್ಲಿ ಇಲ್ಲ. ಅಲ್ಲಿ ಹೇಳಿಕೊಳ್ಳುವಂತಹ ಕಾಡೂ ಇಲ್ಲ. ಆದರೆ 2022ರ ಅಕ್ಟೋಬರ್‌ನಿಂದ 2023ರ ಜನವರಿಯವರೆಗೆ ಆ ತಾಲ್ಲೂಕಿನಲ್ಲಿ ನಾಲ್ವರು ಚಿರತೆಗೆ ಬಲಿಯಾದರು. ಅವರಲ್ಲಿ ಶಾಲೆ, ಕಾಲೇಜಿಗೆ ಹೋಗುವ ಮಕ್ಕಳಿದ್ದರು. ನಾಲೆ ನೀರಿನಲ್ಲಿ ಬೆಳೆದ ಕಬ್ಬು ಆಳೆತ್ತರ ನಿಂತಾಗ ಚಿರತೆಗೆ ಅದು ಕಾಡೇ. ನಾಯಿ, ಹಂದಿ, ಕುರಿ ಸುತ್ತಲೂ ಇವೆ. ಮರಿ ಹಾಕುವುದಕ್ಕೂ ಅಲ್ಲಿ ಮರೆ ಉಂಟು.

ಅಲ್ಲಿಯವರೆಗೆ ಚಿರತೆ ಕಂಡಾಗ ಪ್ರಾದೇಶಿಕ ವಿಭಾಗದ ಸಿಬ್ಬಂದಿ ಬೋನು ಹೊತ್ತು ಓಡುತ್ತಿದ್ದರು. ಹುಲಿ ಕಾಡಿಗೆ ಇದ್ದಂತೆ ಇಲ್ಲಿಗೆ ಬರೆದ ಯೋಜನೆಯಿರಲಿಲ್ಲ, ಪ್ರತಿಷ್ಠಾನದ ಹಣವಿರಲಿಲ್ಲ, ಶಿಬಿರಗಳಿರಲಿಲ್ಲ. ಸಾವುಗಳ ನಂತರ 2023ರಲ್ಲಿ ಮೈಸೂರು ಜಿಲ್ಲೆಗೆ ‘ಚಿರತೆ ಕಾರ್ಯಪಡೆ’ ಬಂತು. ಅದರ ಬಹುಪಾಲು ಕೆಲಸ ಸದ್ದಿಲ್ಲದ್ದು: ಕರೆ ಬಂದ ಊರಿಗೆ ಹೋಗುವುದು, ಹೆಜ್ಜೆ ನೋಡುವುದು, ಬೋನು ಇಡುವುದು, ಜನರೊಡನೆ ಮಾತಾಡುವುದು. ಕಬ್ಬು ಕಟಾವಿನ ಕಾಲದಲ್ಲಿ ಗರಿಗಳ ನಡುವೆ ಕಣ್ಣು ಬಿಡದ ಮರಿಗಳು ಸಿಗುವುದುಂಟು. ಆಗ ಕೂಲಿಯಾಳುಗಳು ಕತ್ತಿ ಕೆಳಗಿಟ್ಟು ಇಲಾಖೆಗೆ ಫೋನು ಮಾಡುತ್ತಾರೆ. ಸಿಬ್ಬಂದಿ ಬಂದು ಮರಿಗಳನ್ನು ಪೆಟ್ಟಿಗೆಯಲ್ಲಿಟ್ಟು, ಸಿಕ್ಕ ಜಾಗದಲ್ಲೇ ಇರಿಸಿ, ಒಂದು ಕ್ಯಾಮೆರಾ ಕಟ್ಟಿ ದೂರ ಸರಿಯುತ್ತಾರೆ. ಹೊಲದ ಯಜಮಾನ ಆ ದಿನದ ಕಟಾವು ನಿಲ್ಲಿಸಲು ಒಪ್ಪಬೇಕು. ಊರಿನವರು ರಾತ್ರಿ ಪಟಾಕಿ ಹೊಡೆಯದೆ, ಗುಂಪು ಕೂಡದೆ ಇರಬೇಕು. ಅಷ್ಟಾದರೆ ಕತ್ತಲಾದ ಮೇಲೆ ತಾಯಿ ಬಂದು ಒಂದೊಂದಾಗಿ ಮರಿಗಳನ್ನು ಬಾಯಲ್ಲಿ ಕಚ್ಚಿಕೊಂಡು ಹೋಗುತ್ತದೆ.